ಬೋಳಾದ ಸೊಪ್ಪಿನಬೆಟ್ಟವನ್ನು ಮತ್ತೆ ಕಾಡಾಗಿಸುವ ಬಗೆ

ಮಲೆನಾಡಿನಲ್ಲಿ ಅಡಿಕೆ ತೋಟ ಮಾಡುವವರ ಸುಪರ್ದಿಯಲ್ಲಿ ತೋಟಕ್ಕಿಂತ ದೊಡ್ಡದಾದ ಜಾಗವೊಂದಿದೆ, ಅದು ತೋಟಕ್ಕೆ ಸೊಪ್ಪು, ದರಕು (ಉದುರಿದ ಒಣ ಎಲೆ) ತರುವ ಸೊಪ್ಪಿನಬೆಟ್ಟ. ಉತ್ತರ ಕನ್ನಡದಲ್ಲಿ ಒಂದು ಎಕರೆ ತೋಟಕ್ಕೆ 9 ಎಕರೆವರೆಗೆ ಬೆಟ್ಟದ ಸವಲತ್ತು ಬ್ರಿಟಿಷರ ಕಾಲದಿಂದ ನಡೆದುಬಂದಿದೆ. ಶಿರಸಿ, ಸಿದ್ದಾಪುರ, ಯಲ್ಲಾಪುರ, ಸಾಗರ, ಹೊಸನಗರದ ಕಡೆ ಈ ಬೆಟ್ಟಗಳು ಅಭಯಾರಣ್ಯಕ್ಕೂ ಊರಿಗೂ ನಡುವೆ ಹರಡಿಕೊಂಡಿವೆ. ಮಂಗಟ್ಟೆ (ಹಾರ್ನ್‌ಬಿಲ್‌ ಹಕ್ಕಿ), ಕೆಂಜಳಿಲು (ದೊಡ್ಡ ಕೆಂಪು ಅಳಿಲು), ಕಡವೆ, ಪುನುಗಿನ ಬೆಕ್ಕು ಒಂದು ಕಾನಿನಿಂದ (ದಟ್ಟ ಕಾಡಿನಿಂದ) ಇನ್ನೊಂದು ಕಾನಿಗೆ ಹೋಗುವುದು ಇವುಗಳ ಮೂಲಕವೇ. ಬೆಟ್ಟ ಬೋಳಾದರೆ ಆ ದಾರಿ ಕಡಿದಂತೆ. ಕೆಳಗಿನ ತೋಟದ ಒರತೆಯೂ ಬೇಸಿಗೆಗೆ ಮುಂಚೆಯೇ ಇಳಿಯುತ್ತದೆ.

ಬೆಟ್ಟ ಹಾಳಾಗಿದೆ ಎಂದೊಡನೆ ಹೆಚ್ಚಿನವರಿಗೆ ಹೊಳೆಯುವುದು ಸಸಿ ನೆಡುವುದು. ಜೂನ್‌ನಲ್ಲಿ ಸಾವಿರ ಸಸಿ ತಂದು ನೆಟ್ಟು, ಫೋಟೋ ತೆಗೆದು, ಮಾರ್ಚ್‌ನಲ್ಲಿ ಒಣಗಿದ ಕಡ್ಡಿ ಎಣಿಸುವುದು ಎಷ್ಟೋ ಊರುಗಳಲ್ಲಿ ನಡೆದಿದೆ. ಇಲ್ಲಿ ಹೇಳುವ ಕ್ರಮ ಅದಕ್ಕೆ ತಿರುವುಮುರುವು. ಹಾಳಾದ ಬೆಟ್ಟದಲ್ಲೂ ಕಾಡು ಬೊಡ್ಡೆಯಾಗಿ (ಕಡಿದ ಮರದ ಬುಡವಾಗಿ), ಬೇರಾಗಿ, ಮೊಣಕಾಲೆತ್ತರದ ಮರಿಯಾಗಿ ಉಳಿದಿರುತ್ತದೆ. ಅದನ್ನು ಏಳಗೊಡದೆ ತಡೆಯುತ್ತಿರುವುದು ಬೆಂಕಿಯೋ, ಕತ್ತಿಯೋ, ದನವೋ, ಕಳೆಯೋ ಎಂದು ಕಂಡುಕೊಂಡು ಮೊದಲು ಆ ತಡೆ ತೆಗೆಯಬೇಕು. ನೆಡುವುದು ಕೊನೆಯ ಕೆಲಸ, ಅದೂ ಖಾಲಿ ಉಳಿದ ಕಡೆ ಮಾತ್ರ.

ಜಾಗ ಯಾರದು

ಬೆಟ್ಟ ಭೂಮಿ ಸರ್ಕಾರದ್ದು, ರೈತನಿಗಿರುವುದು ಸೊಪ್ಪು, ದರಕು, ಒಣ ಸೌದೆಯನ್ನು ಸ್ವಂತಕ್ಕೆ ಬಳಸುವ ಸವಲತ್ತು. ಬೆಟ್ಟವನ್ನು ತೋಟ ಮಾಡಲು, ಮರ ಕಡಿದು ಮಾರಲು ಅದರಲ್ಲಿ ಅವಕಾಶವಿಲ್ಲ. ಆದ್ದರಿಂದ ಅಗಳ (ದನ ತಡೆಯುವ ಕಂದಕ) ತೆಗೆಯುವುದು, ಇಂಗುಗುಂಡಿ, ಅಕೇಶಿಯಾ ತೆಳುಗೊಳಿಸುವುದು, ಸಸಿ ನೆಡುವುದು ಇವಿಷ್ಟನ್ನೂ ಒಂದು ಅರ್ಜಿಯಲ್ಲಿ ಬರೆದು ವಲಯ ಅರಣ್ಯಾಧಿಕಾರಿಯ ಒಪ್ಪಿಗೆಯನ್ನು ಬರಹದಲ್ಲೇ ಪಡೆಯಿರಿ. ಗ್ರಾಮ ಅರಣ್ಯ ಸಮಿತಿ ಚುರುಕಾಗಿರುವ ಊರಲ್ಲಿ ಅದರ ಮೂಲಕ ಹೋದರೆ ಅಕ್ಕಪಕ್ಕದ ನಾಲ್ಕಾರು ಬೆಟ್ಟಗಳು ಒಟ್ಟಿಗೆ ಸೇರುತ್ತವೆ, ಇಲಾಖೆಯ ನರ್ಸರಿ ಸಸಿಯೂ ಸಿಗಬಹುದು. ಸ್ವಂತ ಜಮೀನಿನಲ್ಲಿ ಈ ಕೆಲಸ ಮಾಡುವವರೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯನ್ನು ನೆನಪಿನಲ್ಲಿಡಿ. ನಾವೇ ಬೆಳೆಸಿದ್ದು ಎಂದ ಮಾತ್ರಕ್ಕೆ ಎಲ್ಲ ಮರವನ್ನೂ ಕೇಳದೆ ಕಡಿಯುವಂತಿಲ್ಲ.

ಏನಿದೆ ಎಂದು ಎಣಿಸುವುದು

ಮಳೆ ಹಿಂದೆ ಸರಿದ ಮೇಲೆ, ಅಕ್ಟೋಬರ್‌ನಲ್ಲಿ, ಎಣಿಕೆ ಮಾಡಿ. ಆಗ ಮರಿಗಳಲ್ಲಿ ಎಲೆ ತುಂಬಿರುವುದರಿಂದ ಗುರುತು ಸುಲಭ. ಹಗ್ಗ ಹಿಡಿದು 10 ಮೀಟರ್‌ಗೆ 10 ಮೀಟರ್‌ ಚೌಕ ಹಾಕಿ. ಎಕರೆಗೆ ಇಂಥ ಐದು ಚೌಕ ಸಾಕು, ಆದರೆ ಐದೂ ಬೇರೆ ಬೇರೆ ಕಡೆ ಇರಲಿ: ನೆತ್ತಿಯಲ್ಲಿ, ಇಳಿಜಾರಿನಲ್ಲಿ, ಹಳ್ಳದ ಬದಿಯಲ್ಲಿ, ತೋಟದ ಅಂಚಿನಲ್ಲಿ, ದನ ಓಡಾಡುವ ದಾರಿಯ ಪಕ್ಕ. ಚೌಕದೊಳಗಿನ ಮೊಣಕಾಲೆತ್ತರ ಮೀರಿದ ಊರ ಜಾತಿಯ ಮರಿಗಳನ್ನೂ ಚಿಗುರುವ ಬೊಡ್ಡೆಗಳನ್ನೂ ಎಣಿಸಿ. ಹತ್ತು ಅಥವಾ ಹೆಚ್ಚು ಸಿಕ್ಕರೆ ಎಕರೆಗೆ ನಾನೂರರ ಲೆಕ್ಕವಾಯಿತು, ಅಲ್ಲಿ ಒಂದೂ ಸಸಿ ನೆಡಬೇಕಿಲ್ಲ, ಕಾಯ್ದರೆ ಸಾಕು. ಮೂರರಿಂದ ಒಂಬತ್ತು ಇದ್ದರೆ ನಡುವಿನ ಖಾಲಿ ತುಂಬಿಸಬೇಕು. ಮೂರಕ್ಕಿಂತ ಕಡಿಮೆ ಇದ್ದ ಕಡೆ ಮಾತ್ರ ಪೂರ್ಣ ನೆಡುವಿಕೆ.

ಎಣಿಸುವಾಗಲೇ ಪ್ರತಿ ಮರಿಯ ಪಕ್ಕ ಒಂದು ಬಿದಿರು ಗೂಟ ಹೊಡೆದು ಅದರ ತುದಿಗೆ ಬಣ್ಣದ ಬಟ್ಟೆ ಚೂರು ಕಟ್ಟಿ. ಇದನ್ನು ದಯವಿಟ್ಟು ತಪ್ಪಿಸಬೇಡಿ. ಎಳೆಯ ಧೂಪ, ಹೆಬ್ಬಲಸು, ರಾಮಪತ್ರೆ ಸಾಯುವುದು ಹೆಚ್ಚಾಗಿ ಕಳೆ ಸವರುವವರ ಕತ್ತಿಗೆ. ಹೆಬ್ಬಲಸಿನ ಮರಿಯ ಎಲೆ ಸೀಳು ಸೀಳಾಗಿ, ಒರಟಾಗಿ, ದೊಡ್ಡ ಮರದ ಎಲೆಗಿಂತ ಬೇರೆಯೇ ಆಗಿರುತ್ತದೆ. ಗೊತ್ತಿಲ್ಲದವರು ಅದನ್ನೂ ಕಳೆ ಎಂದೇ ಕತ್ತರಿಸುತ್ತಾರೆ.

ಮತ್ತಿ, ನಂದಿ, ಕವಲು ಬೊಡ್ಡೆಯಿಂದ ಚೆನ್ನಾಗಿ ಚಿಗುರುತ್ತವೆ. ಒಂದೊಂದು ಬೊಡ್ಡೆಗೆ ಹತ್ತು ಹದಿನೈದು ಚಿಗುರು ಬಂದು ಯಾವುದೂ ಮೇಲೇಳದೆ ಪೊದೆಯಾಗಿಯೇ ಉಳಿಯುವುದುಂಟು. ನೆಲಕ್ಕೆ ಹತ್ತಿರದಿಂದ ಹೊರಟ, ನೆಟ್ಟಗಿರುವ ಎರಡನ್ನು ಇಟ್ಟುಕೊಂಡು ಉಳಿದವನ್ನು ಹರಿತವಾದ ಕತ್ತಿಯಿಂದ ಓರೆಯಾಗಿ ಕತ್ತರಿಸಿ. ಬೊಡ್ಡೆಯ ಮೇಲ್ತುದಿಯಿಂದ ಹೊರಟ ಚಿಗುರು ಬಲಿತ ಮೇಲೆ ಗಾಳಿಗೆ ಸೀಳಿ ಬೀಳುತ್ತದೆ, ಅದನ್ನು ಆರಿಸಬೇಡಿ. ಎರಡು ವರ್ಷದ ನಂತರ ಎರಡರಲ್ಲಿ ಒಂದನ್ನು ತೆಗೆಯಿರಿ. ಹಳೆಯ ಬೇರಿನ ಬಲ ಇರುವುದರಿಂದ ಈ ಚಿಗುರಿನ ಓಟಕ್ಕೆ ನೆಟ್ಟ ಸಸಿ ಸಾಟಿಯಲ್ಲ. ಬೀಟೆ ಬೇರಿನಿಂದಲೇ ಮರಿ ಎಬ್ಬಿಸುತ್ತದೆ, ಹಳೆ ಬೀಟೆಯ ಸುತ್ತಮುತ್ತ ನೆಲ ಅಗೆಯದೆ ಬಿಡಿ.

ಕಳೆ ತೆಗೆಯುವುದು

ಆಗಸ್ಟ್‌ನಿಂದ ನವೆಂಬರ್‌ವರೆಗಿನ ಅವಧಿ ಕಳೆ ಕೆಲಸಕ್ಕೆ ಸರಿ. ಮಣ್ಣು ಮೆತ್ತಗಿರುತ್ತದೆ, ಯುಪಟೋರಿಯಂ ಇನ್ನೂ ಹೂ ಬಿಟ್ಟಿರುವುದಿಲ್ಲ. ಇನ್ನೊಂದು ಕಾರಣ ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಾದ ಈ ಜ್ವರ ಉಣುಗಿನಿಂದ (ರಕ್ತ ಹೀರುವ ಉಣ್ಣೆಯಿಂದ) ಹರಡುತ್ತದೆ, ಡಿಸೆಂಬರ್‌ನಿಂದ ಮೇ ಅದರ ಕಾಲ. ಆ ತಿಂಗಳುಗಳಲ್ಲಿ ಪೊದೆಯೊಳಗೆ ನುಗ್ಗುವ ಕೆಲಸ ಇಟ್ಟುಕೊಳ್ಳಬೇಡಿ. ಹೋಗಲೇಬೇಕಾದರೆ ಮೈ ತುಂಬ ಬಟ್ಟೆ, ಪ್ಯಾಂಟಿನ ತುದಿ ಕಾಲುಚೀಲದೊಳಗೆ, ಬಿಟ್ಟುಳಿದ ಚರ್ಮಕ್ಕೆ ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೇಪಾ ತೈಲ, ಮನೆಗೆ ಬಂದೊಡನೆ ಬಿಸಿನೀರ ಸ್ನಾನ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ.

ಲಂಟಾನವನ್ನು ಸವರುವುದು ವ್ಯರ್ಥ. ಅದರ ಬುಡದಲ್ಲಿ ಕಾಂಡವೂ ಬೇರೂ ಕೂಡುವ ಕಡೆ ಒಂದು ಗಂಟಿದೆ. ಮೇಲೆ ಎಷ್ಟು ಕಡಿದರೂ ಆ ಗಂಟಿನಿಂದ ಹತ್ತಾರು ಚಿಗುರು ಹೊರಡುತ್ತವೆ, ಮುಂದಿನ ವರ್ಷ ಪೊದೆ ಇನ್ನಷ್ಟು ದಟ್ಟ. ದೆಹಲಿ ವಿಶ್ವವಿದ್ಯಾಲಯದ ಪ್ರೊ. ಸಿ.ಆರ್. ಬಾಬು ಅವರ ತಂಡ ರೂಢಿಗೆ ತಂದ ವಿಧಾನ ಹೀಗಿದೆ: ಬುಡದ ಸುತ್ತಲಿನ ಕಸ ಸರಿಸಿ, ಕಿರಿದಾದ ಬಾಯಿಯ ಗುದ್ದಲಿಯಿಂದ ಮಣ್ಣಿನ ಮಟ್ಟಕ್ಕಿಂತ 3ರಿಂದ 5 ಸೆಂ.ಮೀ. ಕೆಳಗೆ ತಾಯಿಬೇರನ್ನು ಕಡಿಯಬೇಕು. ಗಂಟು ಪೂರ್ತಿಯಾಗಿ ಗಿಡದ ಜೊತೆ ಮೇಲೆ ಬರುತ್ತದೆ. ಗಿಡವನ್ನು ಎತ್ತಿ ತಲೆಕೆಳಗಾಗಿ ನಿಲ್ಲಿಸಬೇಕು, ಗಂಟು ಮಣ್ಣಿಗೆ ತಾಗಬಾರದು. ಅಡ್ಡ ಮಲಗಿಸಿದರೆ ತೇವಕ್ಕೆ ಮತ್ತೆ ಬೇರು ಬಿಡುವ ಸಂಭವವಿದೆ. ಇಡೀ ನೆಲ ಅಗೆದು ಬೇರನ್ನೆಲ್ಲ ಕಿತ್ತರೆ ಮಣ್ಣು ಸಡಿಲವಾಗಿ ಕೊಚ್ಚಿಹೋಗುತ್ತದೆ, ಹುದುಗಿದ್ದ ಲಂಟಾನ ಬೀಜಕ್ಕೂ ಅದೇ ಹದ.

ಒಂದೇ ವರ್ಷದಲ್ಲಿ ಎಲ್ಲವನ್ನೂ ತೆಗೆಯಬೇಡಿ. ಪಿಕಳಾರದಂಥ ಚಿಕ್ಕ ಹಕ್ಕಿಗಳಿಗೂ ಮೊಲಕ್ಕೂ ಸದ್ಯಕ್ಕೆ ಅದೇ ಆಸರೆ. 10 ಮೀಟರ್‌ ಅಗಲದ ಪಟ್ಟಿ ತೆಗೆದು ಅಷ್ಟೇ ಅಗಲ ಬಿಟ್ಟು, ಊರ ಗಿಡ ಎದ್ದ ಮೇಲೆ ಉಳಿದದ್ದಕ್ಕೆ ಕೈ ಹಾಕಿ. ತೆಗೆದ ಕಡೆ ಮುಂದಿನ ಎರಡು ಮೂರು ಮಳೆಗಾಲ ಮರಿ ಲಂಟಾನ ಏಳುತ್ತದೆ, ಹಕ್ಕಿ ಕೂರುವ ಮರಗಳ ಕೆಳಗಂತೂ ಖಂಡಿತ. ಗೇಣುದ್ದ ಇರುವಾಗ ಕೈಯಿಂದ ಕಿತ್ತರೆ ಬರುತ್ತದೆ, ಒಂದು ವರ್ಷ ಬಿಟ್ಟರೆ ಗುದ್ದಲಿ ಬೇಕು.

ಯುಪಟೋರಿಯಂ ಸುಲಭ: ಹೂ ಬರುವ ಮುಂಚೆ ಬುಡ ಹಿಡಿದು ಕೀಳಿ, ಗೊಬ್ಬರದ ಗುಂಡಿಗೆ ಹಾಕಿ. ಕೀಳದೆ ಬಿಟ್ಟರೆ ಜನವರಿಯ ನಂತರ ಒಣಗಿ ನಿಂತ ದಂಟು ಬೆಂಕಿಗೆ ಒಳ್ಳೆಯ ಮೇವು, ಬೀಜ ಗಾಳಿಯಲ್ಲಿ ಊರೆಲ್ಲ. ಮೈಕೇನಿಯಾ ಬಳ್ಳಿಯನ್ನು ಮಾತ್ರ ಮರದ ಮೇಲಿಂದ ಎಳೆದು ಅಲ್ಲೇ ಎಸೆಯಬೇಡಿ, ನೆಲಕ್ಕೆ ತಾಗಿದ ಗಿಣ್ಣುಗಿಣ್ಣಿನಲ್ಲೂ ಬೇರು ಬಿಡುತ್ತದೆ. ಬುಡ ಕಿತ್ತು, ಬಳ್ಳಿಯನ್ನು ಸುತ್ತಿ, ಬಂಡೆಯ ಮೇಲೆ ಒಣಗಿಸಿ.

ಅಕೇಶಿಯಾ ನೆಡುತೋಪು ಇರುವ ಬೆಟ್ಟಗಳ ಪ್ರಶ್ನೆ ಬೇರೆ. ಅಕೇಶಿಯಾ ಬೇಡ ಎಂದು ಒಮ್ಮೆಲೇ ಕಡಿದರೆ ಬಿಸಿಲು ಬಿದ್ದು ನೆಲವನ್ನು ಕಳೆ ಮುತ್ತುತ್ತದೆ, ಅಕೇಶಿಯಾ ಬೀಜವೇ ಸಾವಿರಗಟ್ಟಲೆ ಮೊಳೆಯುತ್ತದೆ. ಬೆಂಕಿ ಬಿದ್ದರಂತೂ ಆ ಗಟ್ಟಿ ಸಿಪ್ಪೆಯ ಬೀಜಕ್ಕೆ ಉಪಕಾರ. ಅದರ ನೆರಳಲ್ಲಿ ಎದ್ದಿರುವ ಊರ ಮರಿಗಳನ್ನು ಗುರುತಿಸಿ, ಅವುಗಳ ನೆತ್ತಿಗೆ ಅಡ್ಡ ಬರುವ ಅಕೇಶಿಯಾವನ್ನಷ್ಟೇ ಇಲಾಖೆಯ ಮೂಲಕ ತೆಗೆಸಿ. ಹೀಗೆ ಮೂರು ನಾಲ್ಕು ಕಂತಿನಲ್ಲಿ ತೆಗೆದರೆ ನೆರಳೂ ಮುರಿಯುವುದಿಲ್ಲ.

ಕಳೆ ತೆಗೆಯುವಾಗ ಒಂದು ಎಚ್ಚರಿಕೆ. ಹೊಳಗೇರು ಮರದ ಸೊನೆ ಮೈಗೆ ತಾಗಿದರೆ ಗುಳ್ಳೆ ಎದ್ದು ವಾರಗಟ್ಟಲೆ ಕಾಡುತ್ತದೆ. ಅದು ಈ ನೆಲದ್ದೇ ಮರ, ಕಡಿಯುವ ಕಾರಣವಿಲ್ಲ. ಗೊತ್ತಿರುವ ಹಿರಿಯರೊಬ್ಬರನ್ನು ಕರೆದುಕೊಂಡು ಹೋಗಿ ಗುರುತು ಹಾಕಿಸಿ.

ಬೆಂಕಿ, ದರಕು, ಸೊಪ್ಪು

ಬೆಟ್ಟದ ಗಡಿಗುಂಟ 3 ಮೀಟರ್‌ ಅಗಲದ ಪಟ್ಟಿಯನ್ನು ಡಿಸೆಂಬರ್‌ ಕೊನೆಯೊಳಗೆ ಕೆರೆದು ಬೋಳು ಮಾಡಿ. ಇದೇ ಬೆಂಕಿಗೆರೆ. ರಸ್ತೆ, ಕಾಲುದಾರಿ, ಬ್ಯಾಣದ (ಹುಲ್ಲುಗಾವಲಿನ) ಹುಲ್ಲು ಇರುವ ಕಡೆ ಅಗಲ 5 ಮೀಟರ್‌ ಇರಲಿ. ಎಲೆ ಉದುರುವುದು ಜನವರಿಯ ನಂತರ, ಆದ್ದರಿಂದ ಒಮ್ಮೆ ಕೆರೆದರೆ ಮುಗಿಯಲಿಲ್ಲ. ಫೆಬ್ರವರಿ, ಮಾರ್ಚ್‌ನಲ್ಲಿ ಹದಿನೈದು ದಿನಕ್ಕೊಮ್ಮೆ ಗುಡಿಸಬೇಕು. ಗುಡಿಸಿದ ದರಕನ್ನು ಅಲ್ಲಿಯೇ ಸುಡಬೇಡಿ. ಕಾಳ್ಗಿಚ್ಚು ಹೊರಡುವುದು ಎಷ್ಟೋ ಸಲ ಈ ‘ಸಣ್ಣ ಬೆಂಕಿ’ಯಿಂದಲೇ.

ದರಕು ತರುವುದನ್ನು ಪೂರ್ತಿ ನಿಲ್ಲಿಸಿ ಎಂದರೆ ತೋಟ ನಡೆಯುವುದಿಲ್ಲ. ಬೆಟ್ಟವನ್ನು ಮೂರು ಪಾಲು ಮಾಡಿ, ವರ್ಷಕ್ಕೆ ಎರಡು ಪಾಲಿನಿಂದ ತನ್ನಿ, ಮೂರನೆಯದನ್ನು ಮುಟ್ಟಬೇಡಿ. ಪಾಲು ವರ್ಷವರ್ಷ ಬದಲಾಗಲಿ. ಗುಡಿಸುವಾಗ ಮೇಲಿನ ಒಣ ಪದರ ಮಾತ್ರ ಬರಬೇಕು. ಕೆಳಗಿನ ಅರೆಕೊಳೆತ ಕಪ್ಪು ಪದರದಲ್ಲಿ ಹಿಂದಿನ ವರ್ಷದ ಬೀಜ, ಮೊಳಕೆ, ಅಣಬೆಯ ನೂಲು, ಎರೆಹುಳ ಎಲ್ಲವೂ ಇದೆ. ಮಣ್ಣು ಕಾಣುವಷ್ಟು ಕೆರೆದ ಬೆಟ್ಟದಲ್ಲಿ ಮರ ಎಷ್ಟಿದ್ದರೂ ಮರಿ ಇರುವುದಿಲ್ಲ, ಹೋಗಿ ನೋಡಿದರೆ ತಿಳಿಯುತ್ತದೆ.

ಸೊಪ್ಪು ಕಡಿಯುವುದಕ್ಕೂ ಮಿತಿ ಬೇಕು. ಒಂದು ಮರವನ್ನು ಮೂರು ವರ್ಷಕ್ಕೊಮ್ಮೆ ಮಾತ್ರ ಹತ್ತಬೇಕು, ಮೇಲಿನ ಮೂರನೇ ಒಂದು ಭಾಗವನ್ನೂ ನೆತ್ತಿಯನ್ನೂ ಬಿಡಬೇಕು, ಕಾಂಡದಿಂದ ಒಂದು ಗೇಣು ಬಿಟ್ಟು ಕೊಂಬೆ ಕಡಿಯಬೇಕು. ಧೂಪ, ರಾಮಪತ್ರೆ, ಉಪ್ಪಾಗೆ, ಅತ್ತಿ, ಆಲ, ಬಸರಿಗೆ ಕತ್ತಿ ತಾಗಿಸಬೇಡಿ. ಬೇಸಿಗೆಯಲ್ಲಿ ಬೇರೆಲ್ಲ ಹಣ್ಣು ಮುಗಿದಾಗ ಅತ್ತಿ, ಆಲದ ಜಾತಿಯೇ ಕಾಡಿನ ಹೊಟ್ಟೆ ಹೊರೆಯುವುದು. ಉಪ್ಪಾಗೆಯ ಹುಳಿ ಹಣ್ಣನ್ನು ಮಾರಾಟಕ್ಕೆ ಸಂಗ್ರಹಿಸುವವರು ಕಾಯಿಗಾಗಿ ಕೊಂಬೆ ಕಡಿಯದೆ ಉದುರಿದ ಹಣ್ಣನ್ನಷ್ಟೇ ಹೆಕ್ಕಬೇಕು. ಸಿಂಗಳೀಕಕ್ಕೂ ಅದು ಆಹಾರ. ಅಘನಾಶಿನಿ ಕಣಿವೆಯ ಕಾಡು 2011ರಲ್ಲಿ ಸಿಂಗಳೀಕ ಸಂರಕ್ಷಣಾ ಮೀಸಲು ಎಂದು ಘೋಷಣೆಯಾದ ಮೇಲೂ ಅಲ್ಲಿನ ಉಪ್ಪಾಗೆ ಮರಗಳ ಗತಿ ಕೊಯ್ಯುವವರ ಕೈಯಲ್ಲೇ ಇದೆ. ಉಪ್ಪಾಗೆ ಒಣಗಿಸಲು ಹಸಿ ಮರ ಉರಿಸುವುದೂ ಕಾಡಿಗೆ ದೊಡ್ಡ ಹೊರೆ. ಸೌದೆ ಕಡಿಮೆ ಬೇಡುವ ಒಲೆ ಕಟ್ಟಿಸಿಕೊಂಡರೆ ಎರಡೂ ಕಡೆ ಲಾಭ.

ದನ ತಡೆಯಲು ಮಲೆನಾಡಿನ ಅಗಳ ಈಗಲೂ ಉತ್ತಮ. 4 ಅಡಿ ಆಳ, ಮೇಲೆ 5 ಅಡಿ ಅಗಲ, ತಳ 2 ಅಡಿ, ತೆಗೆದ ಮಣ್ಣು ಒಳದಂಡೆಗೆ. ಪ್ರತಿ 30 ಮೀಟರ್‌ಗೆ ಒಂದು ಕಡೆ ಗೋಡೆಯನ್ನು ಇಳಿಜಾರಾಗಿ ಕಡಿದಿಡಿ, ಆಮೆ, ಉಡ, ಮುಳ್ಳುಹಂದಿ ಬಿದ್ದರೆ ಹತ್ತಿ ಹೋಗಲಿ. ಕಡವೆ, ಕಾಟಿ ಓಡಾಡುವ ಹಳೆಯ ದಾರಿಗೆ ಅಗಳ ಅಡ್ಡ ಹಾಕಬೇಡಿ. ವಿದ್ಯುತ್‌ ತಂತಿಯ ಮಾತೇ ಬೇಡ.

ನೀರು ಇಂಗಿಸುವುದರ ಬಗ್ಗೆ ಸ್ವಲ್ಪ

ಇಂಗುಗುಂಡಿ ಎಲ್ಲ ಕಡೆಗೂ ಮದ್ದಲ್ಲ. ನಮ್ಮಲ್ಲಿ ವರ್ಷಕ್ಕೆ 2500 ಮಿ.ಮೀ. ಮೀರಿ ಮಳೆ ಸುರಿಯುವ ಕಡಿದಾದ ಗುಡ್ಡದಲ್ಲಿ ಉದ್ದುದ್ದ ಗುಂಡಿ ತೋಡಿದರೆ ಗುಡ್ಡ ನೀರು ಕುಡಿದು ಕುಸಿಯಬಹುದು. ಕುಳಿತು ಜಾರುವಂಥ ಇಳಿಜಾರಿನಲ್ಲಿ ಗುಂಡಿ ಬೇಡ, ಅಲ್ಲಿ ಕಾಡುಕಲ್ಲನ್ನೂ ಒಣ ಕೊಂಬೆಯನ್ನೂ ಅಡ್ಡಕ್ಕೆ ಜೋಡಿಸಿದರೆ ಸಾಕು. ಸಾಧಾರಣ ಇಳಿಜಾರಿನಲ್ಲಿ 3 ಮೀಟರ್‌ ಉದ್ದ, 60 ಸೆಂ.ಮೀ. ಅಗಲ, 45ರಿಂದ 60 ಸೆಂ.ಮೀ. ಆಳದ ಬಿಡಿ ಗುಂಡಿಗಳನ್ನು ಮೇಲಿನ ಸಾಲಿನ ಎಡೆಗೆ ಕೆಳಗಿನ ಸಾಲಿನ ಗುಂಡಿ ಬರುವಂತೆ ತೆಗೆಯಿರಿ.

ಸಮಪಾತಳಿ ಗೆರೆ ಹಿಡಿಯಲು ‘ಎ’ ಆಕಾರದ ಚೌಕಟ್ಟು ಮನೆಯಲ್ಲೇ ಆಗುತ್ತದೆ. 6 ಅಡಿಯ ಎರಡು ಗಳುಗಳ ತುದಿ ಸೇರಿಸಿ ಕಟ್ಟಿ, ಕಾಲುಗಳನ್ನು 5 ಅಡಿ ಅಗಲಿಸಿ, ನಡುವೆ ಅಡ್ಡಪಟ್ಟಿ ಬಿಗಿಯಿರಿ. ಮೇಲಿನ ಗಂಟಿನಿಂದ ದಾರಕ್ಕೆ ಕಲ್ಲು ಕಟ್ಟಿ ಇಳಿಬಿಡಿ. ಎರಡು ಗೂಟಗಳ ಮೇಲೆ ಚೌಕಟ್ಟು ನಿಲ್ಲಿಸಿ ದಾರ ಅಡ್ಡಪಟ್ಟಿಗೆ ತಾಗುವಲ್ಲಿ ಗುರುತು ಮಾಡಿ, ಕಾಲು ಅದಲುಬದಲು ಮಾಡಿ ಮತ್ತೊಂದು ಗುರುತು ಮಾಡಿ. ಎರಡರ ನಡುಮಧ್ಯವೇ ಸಮ. ಆಮೇಲೆ ಒಂದು ಕಾಲನ್ನು ಊರಿ, ದಾರ ನಡುಗುರುತಿಗೆ ಬರುವವರೆಗೆ ಇನ್ನೊಂದನ್ನು ಸರಿಸುತ್ತ ಗೂಟ ಹೊಡೆದುಕೊಂಡು ಹೋಗಿ. ಗಾಳಿ ಇರುವ ದಿನ ಈ ಕೆಲಸ ಬೇಡ, ದಾರ ನಿಲ್ಲುವುದಿಲ್ಲ. ಗೆರೆಯಲ್ಲಿ ಮರದ ಬೇರು ಅಡ್ಡ ಬಂದರೆ ಬೇರು ಕಡಿಯದೆ ಗುಂಡಿಯನ್ನೇ ಬಿಟ್ಟುಬಿಡಿ.

ಬೆಟ್ಟದ ಬುಡದಲ್ಲಿ ಜವುಳಿನ ಹಳ್ಳವಿದ್ದು, ಕೆಸರಿನಿಂದ ಮೊಣಕಾಲಿನಂಥ ಬೇರುಗಳು ಮೇಲೆದ್ದು ನಿಂತಿದ್ದರೆ ಅದು ರಾಮಪತ್ರೆ ಜಡ್ಡಿ. ಸಿದ್ದಾಪುರದ ಕತ್ತಲೆಕಾನು ಇಂಥ ಜಡ್ಡಿಗಳಿಗೇ ಹೆಸರಾದದ್ದು. ಅಲ್ಲಿ ಮಾಡಬೇಕಾದ ಕೆಲಸ ಏನೂ ಮಾಡದಿರುವುದು. ಕಾಲುವೆ ಕಡಿಯಬೇಡಿ, ಪೈಪು ಹಾಕಬೇಡಿ, ದನ ಬಿಡಬೇಡಿ. ಜಡ್ಡಿಯ ಮರಗಳನ್ನು ಒಣ ಇಳಿಜಾರಿಗೆ ತಂದು ನೆಟ್ಟರೆ ಬದುಕುವುದಿಲ್ಲ.

ಬೀಜ ಮತ್ತು ಸಸಿ

ನಿತ್ಯಹರಿದ್ವರ್ಣ ಮರಗಳ ಬೀಜ ಭತ್ತ, ರಾಗಿಯಂತೆ ಒಣಗಿಸಿ ಇಡುವಂಥದ್ದಲ್ಲ. ಧೂಪ, ಹೆಬ್ಬಲಸು, ರಾಮಪತ್ರೆ, ಮುರುಗಲು, ನೇರಳೆ ಇವೆಲ್ಲ ಒಣಗಿದರೆ ಸತ್ತವು. ಹೆಕ್ಕಿದ ದಿನವೇ ತಿರುಳು ತೊಳೆದು, ನೆರಳಲ್ಲಿ ನೀರು ಆರಿಸಿ, ಒಂದೆರಡು ದಿನದಲ್ಲಿ ಬಿತ್ತಬೇಕು. ದೂರ ಸಾಗಿಸಬೇಕಾದರೆ ಒದ್ದೆ ಮರದಪುಡಿಯಲ್ಲಿಟ್ಟು ಬಟ್ಟೆಚೀಲದಲ್ಲಿ ಒಯ್ಯಿರಿ. ಪ್ಲಾಸ್ಟಿಕ್‌ ಚೀಲದಲ್ಲಿ ಬಿಸಿಯೇರಿ ಬೂಸ್ಟು ಹಿಡಿಯುತ್ತದೆ. ಸಸಿ ಮೊಳೆಯಲಿಲ್ಲ ಎಂಬ ದೂರಿನಲ್ಲಿ ಹೆಚ್ಚಿನದರ ಮೂಲ ಬೀಜವನ್ನು ಅಂಗಳದ ಬಿಸಿಲಿಗೆ ಹರವಿದ್ದು.

ಒಂದೇ ದೊಡ್ಡ ಮರದ ಕೆಳಗಿನಿಂದ ಬುಟ್ಟಿ ತುಂಬಿಸಬೇಡಿ. ದೂರ ದೂರವಿರುವ ಹತ್ತು ಮರಗಳಿಂದ ಸ್ವಲ್ಪ ಸ್ವಲ್ಪ ತಂದು ಬೆರೆಸಿ, ಪ್ರತಿ ಮರದ ಕೆಳಗೆ ಅರ್ಧಕ್ಕಿಂತ ಹೆಚ್ಚನ್ನು ಪ್ರಾಣಿಗಳಿಗೆ ಬಿಡಿ. ಮೀಸಲು ಅರಣ್ಯದೊಳಗೆ ಅನುಮತಿ ಇಲ್ಲದೆ ಹೆಕ್ಕುವಂತಿಲ್ಲ. ನಿಮ್ಮ ಬೆಟ್ಟ, ರಸ್ತೆಬದಿ, ಹಿರಿಯರನ್ನು ಕೇಳಿ ದೇವರಕಾಡಿನ ಅಂಚು ಇಷ್ಟರಲ್ಲೇ ಬೇಕಾದಷ್ಟು ಸಿಗುತ್ತದೆ.

ಧೂಪದ ಕಾಯಿ ಮಳೆಗಾಲದ ಆರಂಭಕ್ಕೆ ಉದುರಿ ಮರದಡಿಯಲ್ಲೇ ಮೊಳೆಯುತ್ತದೆ. ಮೊಳಕೆ ಬಂದದ್ದನ್ನೇ ಆರಿಸಿ ಚೀಲಕ್ಕೆ ಹಾಕಿದರೆ ನಷ್ಟವಿಲ್ಲ. ಹೆಬ್ಬಲಸು ಮೇ–ಜೂನ್‌ನಲ್ಲಿ, ಎರಡರಿಂದ ನಾಲ್ಕು ವಾರದಲ್ಲಿ ಮೊಳಕೆ. ನೇರಳೆ ಜೂನ್‌–ಜುಲೈ; ಒಂದು ಬೀಜದಿಂದ ಎರಡು ಮೂರು ಸಸಿ ಎದ್ದರೆ ಬಲವಾದದ್ದನ್ನು ಉಳಿಸಿ. ಮುರುಗಲು ಏಪ್ರಿಲ್‌–ಮೇ. ಇದರಲ್ಲಿ ಗಂಡು ಹೆಣ್ಣು ಮರ ಬೇರೆ ಬೇರೆ, ಬೀಜದ ಸಸಿಯಲ್ಲಿ ಸುಮಾರು ಅರ್ಧ ಗಂಡೇ ಇರುತ್ತದೆ. ರಾಮಪತ್ರೆಯದ್ದೂ ಹಾಗೆಯೇ. ಆದ್ದರಿಂದ ಇವನ್ನು ಒಂಟಿಯಾಗಿ ನೆಡದೆ ಆರೆಂಟರ ಗುಂಪಾಗಿ ನೆಡಿ. ಉಪ್ಪಾಗೆ ಬೀಜಕ್ಕೆ ತಾಳ್ಮೆ ಬೇಕು, ಹಾಗೇ ಬಿತ್ತಿದರೆ ತಿಂಗಳುಗಟ್ಟಲೆ ಸುಮ್ಮನಿರುತ್ತದೆ. ಮೇಲಿನ ಸಿಪ್ಪೆಯನ್ನು ಒಳಗಿನ ತಿರುಳಿಗೆ ಗಾಯವಾಗದಂತೆ ಬಿಡಿಸಿ ಬಿತ್ತಿದರೆ ಬೇಗ ಮೊಳೆಯುತ್ತದೆ. ಮೊಳೆಯಲಿಲ್ಲವೆಂದು ಪಾತಿ ಅಗೆದು ಹಾಕುವುದು ಉಪ್ಪಾಗೆ ವಿಷಯದಲ್ಲಿ ಸಾಮಾನ್ಯ ತಪ್ಪು.

ಬೈನೆಯ ಹಣ್ಣಿನ ರಸ ಕೈಗೆ ತಾಗಿದರೆ ವಿಪರೀತ ತುರಿಕೆ, ಕೈಚೀಲ ಹಾಕಿಕೊಂಡೇ ತೊಳೆಯಿರಿ. ಅದಕ್ಕಿಂತ ಸುಲಭದ ದಾರಿಯೊಂದಿದೆ. ಬಂಡೆಯ ಮೇಲೆ, ಕಾಲುದಾರಿಯ ನಡುವೆ, ಬಿದ್ದ ಮರದ ಮೇಲೆ ಈ ಹಣ್ಣು ತಿನ್ನುವ ಪುನುಗಿನ ಬೆಕ್ಕಿನ ಹಿಕ್ಕೆ ನೋಡಿ. ಒಣಗಿದ ಹಿಕ್ಕೆ ಬಿಡಿಸಿದರೆ ಒಳಗೆ ಕಪ್ಪುಕಂದು ಬಣ್ಣದ, ಒಂದು ಬದಿ ಚಪ್ಪಟೆಯಾದ ಬೈನೆ ಬೀಜ ತೊಳೆದಿಟ್ಟಷ್ಟು ಸ್ವಚ್ಛವಾಗಿ ಸಿಗುತ್ತದೆ. ಕೋಲಿನಿಂದ ಬಿಡಿಸಿ, ಬರಿಗೈಯಿಂದ ಬೇಡ.

ಮತ್ತಿ, ಹೊನ್ನೆ, ಬೀಟೆ, ತಾರೆ, ಅಳಲೆ, ಅಂಟುವಾಳ ಒಣ ಬೀಜದವು. ಇವನ್ನು ಬೇಸಿಗೆಯಲ್ಲಿ ಸಂಗ್ರಹಿಸಿ ಮಳೆಗೆ ಮುಂಚೆ ಬಿತ್ತಬಹುದು. ಮತ್ತಿ, ಹೊನ್ನೆಯ ರೆಕ್ಕೆ ಕತ್ತರಿಸಿ ಎರಡು ದಿನ ನೀರಲ್ಲಿ ನೆನೆಸಿ. ತಾರೆ, ಅಂಟುವಾಳದ ಗಟ್ಟಿ ಸಿಪ್ಪೆಯನ್ನು ಒರಟು ಕಲ್ಲಿಗೆ ಒಂದು ಬದಿ ಉಜ್ಜಿ ತೆಳುಮಾಡಿ ನೆನೆಸಿ. ಅತ್ತಿ, ಬಸರಿ, ಗೋಣಿಯನ್ನು ಬೀಜದಿಂದ ಮಾಡುವ ಕಷ್ಟ ಬೇಡ. ಹಳೆ ಗೋಡೆ, ಬಾವಿಕಟ್ಟೆಯ ಸಂದಿಯಲ್ಲಿ ಎದ್ದ ಮರಿಗಳನ್ನು ತಂದು ಚೀಲದಲ್ಲಿ ಬೆಳೆಸಿ.

ಚೀಲ 6×9 ಇಂಚಿನದು ಸಾಕು. ಧೂಪ, ರಾಮಪತ್ರೆ, ಅಪ್ಪೆಮಾವಿನಂಥ ದೊಡ್ಡ ಬೀಜಕ್ಕೆ 8×12. ಕೆಮ್ಮಣ್ಣು ಎರಡು ಪಾಲು, ಮರಳು ಒಂದು, ಹಳೆಯ ಗೊಬ್ಬರ ಒಂದು. ಆ ಮರದ ಬುಡದ ಮಣ್ಣು ಒಂದು ಹಿಡಿ ಬೆರೆಸಿದರೆ ಬೇರಿಗೆ ಬೇಕಾದ ಅಣಬೆಯೂ ಬರುತ್ತದೆ. ಚೀಲದ ಕೆಳ ಅರ್ಧದಲ್ಲಿ ಹನ್ನೆರಡಾದರೂ ತೂತು ಇರಲಿ, ಮಲೆನಾಡಿನ ಮಳೆಯಲ್ಲಿ ಚೀಲದೊಳಗೆ ನೀರು ನಿಂತು ಕೊಳೆಯುವುದೇ ಹೆಚ್ಚು. ಬೀಜವನ್ನು ಅಡ್ಡ ಮಲಗಿಸಿ, ತನ್ನ ದಪ್ಪದಷ್ಟು ಆಳದಲ್ಲಿ ಇಡಿ. ಮೇಲೆ ಅಡಿಕೆ ಸೋಗೆಯ ಚಪ್ಪರ. ಇಲಿ, ಮುಳ್ಳುಹಂದಿಗೆ ದೊಡ್ಡ ಬೀಜ ಬಲು ಇಷ್ಟ, ಮೊಳಕೆ ಗಟ್ಟಿಯಾಗುವವರೆಗೆ ಬಲೆ ಹೊದಿಸಿ. ಐದಾರು ವಾರಕ್ಕೊಮ್ಮೆ ಚೀಲಗಳನ್ನು ಎತ್ತಿ ಜಾಗ ಬದಲಿಸಿ, ತಳದಿಂದ ಹೊರಬಂದ ಬೇರು ಕತ್ತರಿಸಿ. ಹಾಗೆ ಮಾಡದಿದ್ದರೆ ತಾಯಿಬೇರು ನೆಲಕ್ಕಿಳಿದು, ನೆಡುವ ದಿನ ಹರಿಯುತ್ತದೆ. ನೆಡುವ ಒಂದು ತಿಂಗಳ ಮುಂಚಿನಿಂದ ಸೋಗೆ ತೆಳುಮಾಡುತ್ತ, ನೀರು ಕಡಿಮೆ ಮಾಡುತ್ತ ಬನ್ನಿ.

ಎಲ್ಲಿ ಯಾವುದು, ಹೇಗೆ ನೆಡುವುದು

ನೆತ್ತಿಯ ಜಂಬಿಟ್ಟಿಗೆ (ಕೆಂಪು ಮುರಕಲ್ಲಿನ) ನೆಲಕ್ಕೆ ಕವಲು, ನೆಲ್ಲಿ, ಮತ್ತಿ, ಅಳಲೆ. ನಡು ಇಳಿಜಾರಿಗೆ ಹೊನ್ನೆ, ನಂದಿ, ತಾರೆ, ಬೀಟೆ, ನೇರಳೆ. ಕೆಳಗಿನ ತಂಪಿಗೆ ಹೆಬ್ಬಲಸು, ಉಪ್ಪಾಗೆ, ಮುರುಗಲು, ಧೂಪ, ಬೈನೆ, ರಾಮಪತ್ರೆ. ಹಳ್ಳದ ದಂಡೆಗೆ ಅತ್ತಿ, ಅಪ್ಪೆಮಾವು. ಬಯಲಿನಲ್ಲಿ ನೆಟ್ಟ ಧೂಪ, ರಾಮಪತ್ರೆ ಮೊದಲ ಬೇಸಿಗೆಗೇ ಸುಟ್ಟುಹೋಗುತ್ತವೆ. ಅಂಥ ಜಾಗದಲ್ಲಿ ಚಂದಕಲು ತಾನಾಗಿ ಏಳಲಿ. ಅದರದ್ದು ತಟ್ಟೆಯಂತೆ ದುಂಡಗಿನ ಎಲೆ, ತೊಟ್ಟು ಎಲೆಯ ಒಡಲಿಗೇ ಅಂಟಿರುತ್ತದೆ. ‘ಉಪಯೋಗವಿಲ್ಲದ ಮರ’ ಎಂದು ಅದನ್ನು ಕಡಿಯುವವರಿದ್ದಾರೆ. ನಾಲ್ಕೈದು ವರ್ಷದಲ್ಲಿ ನೆರಳು ಕೊಟ್ಟು ಉಳಿದವಕ್ಕೆ ದಾರಿ ಮಾಡುವುದು ಅದೇ. ನಿತ್ಯಹರಿದ್ವರ್ಣ ಸಸಿ ಅದರ ನೆರಳಿಗೆ ಎರಡನೇ ಸುತ್ತಿನಲ್ಲಿ ಬರಲಿ.

ಗುಂಡಿ ಏಪ್ರಿಲ್‌–ಮೇ ತಿಂಗಳಲ್ಲಿ, ಒಂದೂವರೆ ಅಡಿ ಉದ್ದಗಲ ಆಳ. ಜಂಬಿಟ್ಟಿಗೆಯಾದರೆ ಪಿಕಾಸಿಯಿಂದ ಎರಡು ಅಡಿ. ಮೇಲ್ಮಣ್ಣು ಒಂದು ಬದಿ, ಅಡಿಮಣ್ಣು ಇನ್ನೊಂದು ಬದಿ. ತೀರಾ ಬೋಳಾದ ಕಡೆ 5 ಮೀಟರ್‌ ಅಂತರದಂತೆ ಎಕರೆಗೆ 160 ಗುಂಡಿ ಬರುತ್ತವೆ, ಆದರೆ ಅಳತೆಪಟ್ಟಿ ಹಿಡಿದು ಸಾಲು ಹೊಡೆಯಬೇಡಿ. ಇರುವ ಮರಿಯಿಂದ 3 ಮೀಟರ್‌ ದೂರ ಬಿಟ್ಟು ಖಾಲಿ ಇದ್ದಲ್ಲಿ ತೋಡಿ. ಮೃಗಶಿರ ಮಳೆ ನೆಲಕ್ಕಿಳಿದ ಮೇಲೆ ಆರಿದ್ರಾದಲ್ಲಿ (ಜೂನ್‌ ಕೊನೆಯ ವಾರದಿಂದ) ನೆಟ್ಟು ಪುನರ್ವಸುವಿನೊಳಗೆ (ಜುಲೈ ನಡುವಿನೊಳಗೆ) ಮುಗಿಸಿ. ಆಗಸ್ಟ್‌ಗೆ ನೆಟ್ಟ ಸಸಿಗೆ ಬೇಸಿಗೆಯೊಳಗೆ ಬೇರು ಇಳಿಸಲು ಸಮಯ ಸಾಲದು.

ಚೀಲವನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ ಪೂರ್ತಿ ತೆಗೆಯಿರಿ. ತಳದಲ್ಲಿ ಸುತ್ತಿಕೊಂಡ ಬೇರಿದ್ದರೆ ಕತ್ತರಿಸಿ, ಇಲ್ಲದಿದ್ದರೆ ಏಳೆಂಟು ವರ್ಷದ ನಂತರ ಮರ ಗಾಳಿಗೆ ಬುಡಸಮೇತ ಉರುಳುತ್ತದೆ. ಮೊದಲು ಮೇಲ್ಮಣ್ಣು ತುಂಬಿ, ಸಸಿಯ ಬುಡ ಸುತ್ತಲಿನ ನೆಲಕ್ಕಿಂತ ಎರಡು ಬೆರಳು ಎತ್ತರ ಇರುವಂತೆ ಏರು ಕಟ್ಟಿ, ಕಾಲಿನಿಂದ ಒತ್ತಿ. ಬಯಲುಸೀಮೆಯ ರೂಢಿಯಂತೆ ಬುಡದಲ್ಲಿ ತಗ್ಗು ಬಿಟ್ಟರೆ ಇಲ್ಲಿ ಜುಲೈ ಮಳೆಗೆ ಕೊಳೆತೇ ಹೋಗುತ್ತದೆ. ಹಸಿ ಸಗಣಿ ಗೊಬ್ಬರ ಹಾಕಬೇಡಿ: ಅದರ ಹುಳುವಿಗೆ ಕಾಡುಹಂದಿ ಬಂದು ಸಸಿಯನ್ನೂ ಮಗುಚುತ್ತದೆ, ಒಣಗಿದ ಮೇಲೆ ಗೆದ್ದಲು ಹತ್ತುತ್ತದೆ. ಕಡವೆ ಮೇಯುವ ಕಡೆ ಪ್ರತಿ ಸಸಿಗೆ ಮುಳ್ಳುಕೊಂಬೆ ಒತ್ತಿ.

ಸೆಪ್ಟೆಂಬರ್‌ ಕೊನೆಗೆ ಏರು ಒಡೆದು ಬುಡದ ಸುತ್ತ ಒಂದು ಮೀಟರ್‌ ಕಳೆ ತೆಗೆದು, ನಾಲ್ಕು ಇಂಚು ದರಕು ಹೊದಿಸಿ, ಕಾಂಡದಿಂದ ಒಂದು ಅಂಗೈ ಅಗಲ ಬಿಡಿ. ಜನವರಿಯಲ್ಲಿ ಪಶ್ಚಿಮದ ಬದಿಗೆ ಸೋಗೆ ಚುಚ್ಚಿ ಸಂಜೆ ಬಿಸಿಲು ತಪ್ಪಿಸಿ. ಇದೇ ಕೆಲಸ ಮೂರು ವರ್ಷ.

ಪ್ರಾಣಿಪಕ್ಷಿಗಳಿಗೆ ಬಿಡಬೇಕಾದದ್ದು

ಒಣಗಿ ನಿಂತ ದೊಡ್ಡ ಮರ, ಪೊಟರೆ ಬಿದ್ದ ಮರ ಸೌದೆಯಲ್ಲ. ಮಂಗಟ್ಟೆ ತಾನಾಗಿ ಪೊಟರೆ ಕೊರೆಯಲಾರದು. ದೊಡ್ಡ ಮರದಲ್ಲಿ ಕೊಂಬೆ ಮುರಿದು, ಕೊಳೆತು ಆದ ಪೊಟರೆಯನ್ನೇ ಅದು ಹುಡುಕುತ್ತದೆ. ಹೆಣ್ಣು ಒಳಗೆ ಕುಳಿತು ಬಾಗಿಲು ಮುಚ್ಚಿಕೊಳ್ಳುತ್ತದೆ, ಗಂಡು ಒಂದು ಸೀಳಿನಿಂದ ಹಣ್ಣು ಉಣಿಸುತ್ತದೆ. ದಾಂಡೇಲಿ ಸುತ್ತಿನಲ್ಲಿ ನಾಲ್ಕು ಜಾತಿಯ ಮಂಗಟ್ಟೆಗಳಿವೆ, ಅವುಗಳಿಗಾಗಿ 2011ರಲ್ಲಿ ಸಂರಕ್ಷಣಾ ಮೀಸಲೂ ಆಯಿತು. ಆದರೆ ಹಣ್ಣು ಹುಡುಕುತ್ತ ಅವು ಮೀಸಲಿನ ಗಡಿ ದಾಟಿ ನಮ್ಮ ಬೆಟ್ಟಕ್ಕೆ ಬರುತ್ತವೆ. ಜನವರಿಯಿಂದ ಮೇವರೆಗೆ ಗೂಡಿನ ಮರದ ಸುತ್ತ ಕೆಲಸ ನಿಲ್ಲಿಸಿ. ಕೆಳಗೆ ನಿಂತು ಫೋಟೋ ತೆಗೆಯುವವರಿದ್ದರೆ ಗಂಡು ಹಣ್ಣು ಹಿಡಿದುಕೊಂಡೇ ದೂರದ ಕೊಂಬೆಯಲ್ಲಿ ಕಾಯುತ್ತದೆ, ಒಳಗಿನ ಮರಿ ಉಪವಾಸ. ಗೂಡಿನ ಜಾಗವನ್ನು ವಾಟ್ಸ್ಆ್ಯಪ್‌ನಲ್ಲಿ ಹಂಚಲೇಬೇಡಿ.

ಕೆಂಜಳಿಲು, ಸಿಂಗಳೀಕ ನೆಲಕ್ಕಿಳಿಯಲು ಇಷ್ಟಪಡುವುದಿಲ್ಲ. ಬೆಟ್ಟದ ನಡುವೆ ಜೀಪು ದಾರಿ ಇದ್ದರೆ ಎರಡೂ ಬದಿಯ ಕೊಂಬೆಗಳು ಮೇಲೆ ಕೂಡುವಂತೆ ನಾಲ್ಕಾರು ಕಡೆಯಾದರೂ ಮರ ಉಳಿಸಿ. ಬಳ್ಳಿಗಳನ್ನೆಲ್ಲ ಕಡಿಯುವ ಚಟವೂ ಬೇಡ. ಊರ ಬಳ್ಳಿ ಅವಕ್ಕೆ ಸೇತುವೆ, ಹಣ್ಣೂ ಹೌದು.

ಲೆಕ್ಕ ಇಡುವುದು

ಮೊದಲ ವರ್ಷ ಗೂಟ ಹೊಡೆದ ಅದೇ ಐದು ಚೌಕಗಳನ್ನು ಪ್ರತಿ ಅಕ್ಟೋಬರ್‌ನಲ್ಲಿ ಎಣಿಸಿ. ನೆಟ್ಟದ್ದು ಎಷ್ಟು ಉಳಿಯಿತು, ತಾನಾಗಿ ಬಂದದ್ದು ಎಷ್ಟು ಎಂದು ಎರಡು ಕಾಲಂ. ಮೂರನೇ ವರ್ಷಕ್ಕೆ ಎರಡನೇ ಕಾಲಂ ಏರುತ್ತಿದ್ದರೆ ಕ್ರಮ ಸರಿಯಿದೆ. ಏರದಿದ್ದರೆ ದರಕು ಇನ್ನೂ ಮಣ್ಣಿನವರೆಗೆ ಗುಡಿಸಲಾಗುತ್ತಿದೆಯೇ, ದನ ಯಾವ ಕಡೆಯಿಂದ ನುಗ್ಗುತ್ತಿದೆ ಎಂದು ಮೊದಲು ನೋಡಿ, ಮತ್ತೆ ಸಸಿ ತರಲು ಓಡಬೇಡಿ. ಕಲ್ಲಿನಿಂದ ಗುರುತು ಮಾಡಿದ ಒಂದೇ ಜಾಗದಲ್ಲಿ ನಿಂತು, ಒಂದೇ ದಿಕ್ಕಿಗೆ, ವರ್ಷಕ್ಕೊಂದು ಫೋಟೋ ತೆಗೆಯಿರಿ. ಹಿಕ್ಕೆಯಲ್ಲಿ ಕಂಡ ಬೀಜಗಳ ಹೆಸರನ್ನೂ ಬರೆದಿಡಿ. ನೀವು ನೆಡದ ಜಾತಿಯ ಬೀಜ ಬೆಟ್ಟದೊಳಗೆ ಬರತೊಡಗಿದ್ದನ್ನು ಮೊದಲು ತಿಳಿಸುವುದು ಅದೇ.

ಈ ಪಟ್ಟಿಯ ಒಂದು ಪ್ರತಿಯನ್ನು ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಗೆ ಕೊಡಿ. 2002ರ ಜೀವವೈವಿಧ್ಯ ಕಾಯ್ದೆಯಂತೆ ಊರಿನ ಜೀವವೈವಿಧ್ಯ ದಾಖಲಾತಿ ಇಡುವುದು ಆ ಸಮಿತಿಯ ಕೆಲಸ. ಮುಂದೆ ಬೆಟ್ಟದಲ್ಲಿ ರಸ್ತೆಯೋ ವಿದ್ಯುತ್‌ ಲೈನೋ ಬರುವಾಗ ಅಲ್ಲಿ ಏನಿತ್ತು ಎಂದು ಕೇಳಿದರೆ ತೋರಿಸಲು ಕಾಗದವಿರುತ್ತದೆ.